ಕನ್ನಡ ಕಡತಗಳಲ್ಲಿ ‘ಫೈಂಡ್ ಅಂಡ್ ರಿಪ್ಲೇಸ್’ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕ್ರೋಸಾಫ್ಟ್ ವರ್ಡ್, ಲಿಬ್ರೆ ಆಫೀಸ್ ರೈಟರ್, ಗೂಗಲ್ ಡಾಕ್ಸ್ ಇವುಗಳಲ್ಲಿ ಕನ್ನಡ ಬರಹವನ್ನು ಟೈಪ್ ಮಾಡುವವರು, ಕರಡು ತಿದ್ದುವವರು ಮತ್ತು ಪುಟ ಕಟ್ಟುವವರು ಹುಡುಕಿ ಬದಲಿಸುವಾಗ ಎದುರಿಸುವ ತೊಡಕುಗಳಿಗೆ ಇಲ್ಲಿ ಉತ್ತರಗಳಿವೆ. ಕಂಟ್ರೋಲ್ ಕೀಲಿಯೊಡನೆ ಎಚ್ ಒತ್ತಿದಾಗ ವರ್ಡ್‌ನಲ್ಲಿ ತೆರೆಯುವ ಚೌಕವನ್ನು ಇಲ್ಲಿ ‘ಬದಲಿ ಚೌಕ’ ಎಂದು ಕರೆಯಲಾಗಿದೆ. ಲಿಬ್ರೆ ಆಫೀಸ್ ಮತ್ತು ಗೂಗಲ್ ಡಾಕ್ಸ್‌ನಲ್ಲಿಯೂ ಅದೇ ಕೀಲಿಗಳು ಕೆಲಸ ಮಾಡುತ್ತವೆ.

ಪ್ರಶ್ನೆ: ಪದವು ಕಣ್ಣೆದುರೇ ಇದೆ. ಆದರೂ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಮೊದಲು ಏನನ್ನು ನೋಡಬೇಕು?

ಮೊದಲು ಬದಲಿ ಚೌಕವನ್ನೇ ನೋಡಬೇಕು, ಕಡತವನ್ನಲ್ಲ. ವರ್ಡ್ ತಂತ್ರಾಂಶವು ಹಿಂದಿನ ಹುಡುಕಾಟದಲ್ಲಿ ನೀವು ಆರಿಸಿದ್ದ ಆಯ್ಕೆಗಳನ್ನು ಹಾಗೆಯೇ ಉಳಿಸಿಕೊಂಡಿರುತ್ತದೆ. ಬೆಳಿಗ್ಗೆ ದಪ್ಪ ಅಕ್ಷರದ ಶೀರ್ಷಿಕೆಗಳನ್ನು ಮಾತ್ರ ಹುಡುಕಿದ್ದರೆ, ಮಧ್ಯಾಹ್ನ ಸಾಮಾನ್ಯ ಅಕ್ಷರದ ಪದವನ್ನು ಹುಡುಕಿದಾಗಲೂ ಅದು ದಪ್ಪ ಅಕ್ಷರಗಳಲ್ಲಷ್ಟೇ ಹುಡುಕುತ್ತದೆ. ಹುಡುಕುವ ಪದವನ್ನು ಬರೆಯುವ ಜಾಗದ ಕೆಳಗೆ ‘ಫಾಂಟ್: ಬೋಲ್ಡ್’ ಎಂಬಂಥ ಸಣ್ಣ ಸಾಲು ಕಂಡರೆ ಕಾರಣ ಅದೇ. ಕರ್ಸರನ್ನು ಆ ಜಾಗದಲ್ಲಿಟ್ಟು, ‘ಮೋರ್’ ಒತ್ತಿ, ಕೆಳಗಿರುವ ‘ನೋ ಫಾರ್ಮ್ಯಾಟಿಂಗ್’ ಗುಂಡಿಯನ್ನು ಒತ್ತಬೇಕು. ಬದಲಿ ಪದದ ಜಾಗಕ್ಕೂ ಇದನ್ನು ಪ್ರತ್ಯೇಕವಾಗಿ ಮಾಡಬೇಕು. ಅಲ್ಲೇ ‘ಯೂಸ್ ವೈಲ್ಡ್‌ಕಾರ್ಡ್ಸ್’ ಮತ್ತು ‘ಹೋಲ್ ವರ್ಡ್ಸ್ ಓನ್ಲಿ’ ಎಂಬ ಚೌಕಗಳಲ್ಲಿ ಗುರುತು ಉಳಿದಿದ್ದರೆ ತೆಗೆಯಬೇಕು. ಲಿಬ್ರೆ ಆಫೀಸಿನಲ್ಲಿ ‘ಕರೆಂಟ್ ಸೆಲೆಕ್ಷನ್ ಓನ್ಲಿ’ ಎಂಬ ಆಯ್ಕೆ ಉಳಿದುಕೊಂಡು ಇದೇ ರೀತಿ ಕಾಡುತ್ತದೆ.

ಇಷ್ಟನ್ನು ನೋಡಿದ ಮೇಲೂ ಪದ ಸಿಗದಿದ್ದರೆ, ಕಡತದಲ್ಲಿರುವ ಆ ಪದವನ್ನೇ ನಕಲು ಮಾಡಿ ಚೌಕದಲ್ಲಿ ಅಂಟಿಸಿ ಹುಡುಕಿ. ನಕಲು ಮಾಡಿದ್ದು ಸಿಕ್ಕಿ, ಟೈಪ್ ಮಾಡಿದ್ದು ಸಿಗದಿದ್ದರೆ, ಎರಡೂ ನೋಡಲು ಒಂದೇ ಆಗಿದ್ದರೂ ಒಳಗೆ ಬೇರೆ ಬೇರೆ ಎಂದು ಅರ್ಥ. ಕನ್ನಡದಲ್ಲಿ ಬರುವ ತೊಡಕುಗಳಲ್ಲಿ ಬಹುಪಾಲು ಇದೇ ಜಾತಿಯವು. ಕಣ್ಣು ಅಕ್ಷರದ ಆಕಾರವನ್ನು ಓದಿದರೆ, ಗಣಕವು ಅದರ ಹಿಂದಿನ ಸಂಖ್ಯೆಗಳನ್ನು ಹೋಲಿಸುತ್ತದೆ.

ಪ್ರಶ್ನೆ: ಹಳೆಯ ಕಡತದಲ್ಲಿ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಕೀಲಿಮಣೆಯಿಂದ ಟೈಪ್ ಮಾಡಿ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಏಕೆ?

ಆ ಕಡತವು ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆಗಿರುವ ಸಾಧ್ಯತೆಯೇ ಹೆಚ್ಚು. ಆಸ್ಕಿ ಎಂದು ಮುದ್ರಣದವರು ಕರೆಯುವ ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಪರೀಕ್ಷಿಸುವುದು ಸುಲಭ. ಒಂದು ಪದವನ್ನು ಆಯ್ದು ಫಾಂಟನ್ನು ನಿರ್ಮಲಾ ಯುಐ ಅಥವಾ ತುಂಗಾ ಎಂದು ಬದಲಿಸಿ. ಕನ್ನಡ ಉಳಿದರೆ ಅದು ಯೂನಿಕೋಡ್. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾದರೆ ಆಸ್ಕಿ.

ಇಂಥ ಕಡತದಲ್ಲಿ ಎಚ್ಚರ ತಪ್ಪಿದರೆ ಆಗುವ ಅನಾಹುತಕ್ಕೆ ಒಂದು ಉದಾಹರಣೆ ಸಾಕು. ನುಡಿ ಆಸ್ಕಿ ಫಾಂಟ್‌ನಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರವು ಅನುಸ್ವಾರವಾಗಿ ಕಾಣುತ್ತದೆ, ಚಿಕ್ಕ ‘ಎ’ ಅಕ್ಷರವು ‘ಚಿ’ ಆಗಿ ಕಾಣುತ್ತದೆ. ‘ಎ ವಿಭಾಗ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಇರುವುದನ್ನು ‘ಬಿ’ ಮಾಡಲು ಹೊರಟು ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ, ಬೆಂಗಳೂರಿನ ಸೊನ್ನೆಯೂ ಹೋಗುತ್ತದೆ, ಚಿತ್ರದುರ್ಗದ ‘ಚಿ’ಯೂ ಹೋಗುತ್ತದೆ. ಆದ್ದರಿಂದ ಆಸ್ಕಿ ಕಡತದಲ್ಲಿ ಏನನ್ನೇ ಹುಡುಕುವುದಿದ್ದರೂ ‘ಮ್ಯಾಚ್ ಕೇಸ್’ ಆಯ್ಕೆಯನ್ನು ಗುರುತು ಮಾಡಲೇಬೇಕು. ಕನ್ನಡದಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬ ಭೇದವಿಲ್ಲದಿರುವುದರಿಂದ ಈ ಆಯ್ಕೆಯ ಕಡೆಗೆ ನಮ್ಮ ಗಮನವೇ ಹೋಗುವುದಿಲ್ಲ.

ಬದಲಿ ಚೌಕದಲ್ಲಿ ಅಂಟಿಸಿದ ಪದವು ರೋಮನ್ ಗೋಜಲಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಚೌಕಕ್ಕೆ ನುಡಿ ಫಾಂಟ್ ಇಲ್ಲದ ಕಾರಣ ಅದು ಹಾಗೆ ಕಾಣುತ್ತದೆ, ಹುಡುಕಾಟ ಮಾತ್ರ ಸರಿಯಾಗಿಯೇ ನಡೆಯುತ್ತದೆ. ಬದಲಿ ಪದವನ್ನೂ ಕಡತದಲ್ಲಿಯೇ ನುಡಿಯಲ್ಲಿ ಟೈಪ್ ಮಾಡಿ, ಅಲ್ಲಿಂದ ನಕಲು ಮಾಡಿ ತಂದು ಅಂಟಿಸುವುದು ಕ್ಷೇಮ. ತಿದ್ದುಪಡಿ ಬಹಳವಿದ್ದರೆ ಇಡೀ ಕಡತವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದು ಆಮೇಲೆ ಕೈಹಚ್ಚುವುದು ನನ್ನ ಸಲಹೆ.

ಪ್ರಶ್ನೆ: ಪರಿವರ್ತಕದಿಂದ ಬಂದ ಯೂನಿಕೋಡ್ ಕಡತದಲ್ಲಿಯೂ ಕೆಲವು ಪದಗಳು ಸಿಗುವುದಿಲ್ಲ. ಅದಕ್ಕೇನು ಕಾರಣ?

ಪರಿವರ್ತಕಗಳು ಬಿಟ್ಟುಹೋಗುವ ಕೊಳೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಮೊದಲನೆಯದು ಒಡೆದ ಗುಣಿತ. ಯೂನಿಕೋಡ್‌ನಲ್ಲಿ ಓತ್ವಕ್ಕೆ 3275 ಎಂಬ ಒಂದೇ ಸಂಖ್ಯೆಯಿದೆ. ಆದರೆ ಎತ್ವ (3270), ಕೊಂಬಿನ ಇಳಿ (3266) ಮತ್ತು ದೀರ್ಘದ ಚಿಹ್ನೆ (3285) ಇವು ಮೂರನ್ನು ಒಂದರ ಹಿಂದೆ ಒಂದಿಟ್ಟರೂ ತೆರೆಯ ಮೇಲೆ ಅದೇ ಓತ್ವ ಮೂಡುತ್ತದೆ. ‘ಕೋಲಾರ’ ಎಂಬ ಪದ ಒಂದು ಪುಟದಲ್ಲಿ ಐದು ಸಂಕೇತಗಳಲ್ಲಿ, ಇನ್ನೊಂದು ಪುಟದಲ್ಲಿ ಏಳು ಸಂಕೇತಗಳಲ್ಲಿ ಇರಬಹುದು. ಯೂನಿಕೋಡ್ ನಿಯಮದ ಪ್ರಕಾರ ಇವೆರಡೂ ಸಮಾನವೇ, ಆದರೆ ಎಲ್ಲ ತಂತ್ರಾಂಶಗಳ ಹುಡುಕಾಟವೂ ಆ ಸಮಾನತೆಯನ್ನು ಪಾಲಿಸುವುದಿಲ್ಲ. ಪರಿಹಾರವೆಂದರೆ ಒಡೆದ ರೂಪಗಳನ್ನೇ ಹುಡುಕಿ ಒಂದಾಗಿಸುವುದು. ಇಲ್ಲಿ ಕ್ರಮ ಮುಖ್ಯ: ಮೊದಲು ಮೂರು ತುಂಡಿನ ಓತ್ವ, ಬಳಿಕ ಎತ್ವ ಮತ್ತು ಕೊಂಬಿನ ಇಳಿ ಸೇರಿದ ಒತ್ವ, ಆಮೇಲೆ ಎತ್ವದ ದೀರ್ಘ, ಗುಡಿಸಿನ ದೀರ್ಘ ಮತ್ತು ಐತ್ವ. ಒತ್ವವನ್ನು ಮೊದಲು ಬದಲಿಸಿದರೆ ಓತ್ವದ ದೀರ್ಘ ಚಿಹ್ನೆ ಒಂಟಿಯಾಗಿ ಉಳಿದು, ಇನ್ನೊಂದು ಸುತ್ತು ಕೆಲಸ ಬೀಳುತ್ತದೆ. ಒಂಟಿ ಚಿಹ್ನೆಯನ್ನು ಚೌಕದಲ್ಲಿ ಬರೆದಾಗ ಅದರ ಪಕ್ಕ ಚುಕ್ಕೆಗಳ ವೃತ್ತ ಕಾಣಿಸುವುದು ಸಹಜ.

ಎರಡನೆಯದು ‘ಮ’ ಮತ್ತು ‘ವ’ ಗೊಂದಲ. ಹಳೆಯ ಫಾಂಟ್‌ಗಳಲ್ಲಿ ‘ಮ’ ಅಕ್ಷರವನ್ನು ‘ವ’ದ ಆಕಾರಕ್ಕೆ ಕೊಂಬು ಸೇರಿಸಿ ಕಟ್ಟುತ್ತಿದ್ದುದರಿಂದ, ಪರಿವರ್ತನೆಯಾದ ಮೇಲೆ ‘ಮೀಸಲಾತಿ’ ಎಂಬುದು ‘ವ’ಕ್ಕೆ ಗುಡಿಸು ಮತ್ತು ಕೊಂಬಿನ ಇಳಿ ಹತ್ತಿಕೊಂಡ ‘ವಿೂಸಲಾತಿ’ ಆಗಿರುತ್ತದೆ. ‘ಮೊದಲು’ ಎಂಬುದು ‘ವೊದಲು’ ಆಗಿರುತ್ತದೆ. ಒಂದು ವ್ಯಂಜನಕ್ಕೆ ಗುಡಿಸು ಮತ್ತು ಕೊಂಬಿನ ಇಳಿ ಎರಡೂ ಬರುವುದು ಕನ್ನಡದಲ್ಲಿ ಸಾಧ್ಯವೇ ಇಲ್ಲ. ಆದ್ದರಿಂದ ‘ವಿೂ’ ಎಂಬುದನ್ನು ‘ಮೀ’ ಎಂದು ಕಣ್ಣುಮುಚ್ಚಿ ಬದಲಿಸಬಹುದು. ‘ವೊ’ ವಿಷಯದಲ್ಲಿ ಆ ಧೈರ್ಯ ಬೇಡ. ‘ಯಾವೊಬ್ಬ’, ‘ಯಾವೊಂದು’ ಎಂಬಲ್ಲಿ ಅದು ನ್ಯಾಯವಾಗಿಯೇ ಇರುತ್ತದೆ.

ಪ್ರಶ್ನೆ: ‘ಸಾಫ್ಟ್‌ವೇರ್’ ಎಂಬ ಪದ ಕೆಲವೆಡೆ ಸಿಗುತ್ತದೆ, ಕೆಲವೆಡೆ ಇಲ್ಲ. ಎರಡೂ ಯೂನಿಕೋಡ್‌ನಲ್ಲೇ ಇವೆ.

ಸಿಗದ ಕಡೆ ನಡುವೆ ಕಾಣದ ಸಂಕೇತವೊಂದು ಇರುತ್ತದೆ, ಅಥವಾ ಇರಬೇಕಾದದ್ದು ಇರುವುದಿಲ್ಲ. ‘ಟ್’ ಆದ ಮೇಲೆ ‘ವೇ’ ಬಂದರೆ ಗಣಕವು ತಾನಾಗಿಯೇ ಒತ್ತಕ್ಷರ ಮಾಡಿ ‘ಸಾಫ್ಟ್ವೇರ್’ ಎಂದು ತೋರಿಸುತ್ತದೆ. ಹಾಗಾಗದಂತೆ ತಡೆಯಲು ನಡುವೆ ಇಡುವ ಅಗಲವಿಲ್ಲದ ಸಂಕೇತದ ಸಂಖ್ಯೆ 8204. ಅದರ ಜೋಡಿಯಾದ 8205, ‘ರ’ಕಾರವು ಅರ್ಕಾವೊತ್ತಾಗದೆ ಪೂರ್ಣ ರೂಪದಲ್ಲಿ ನಿಲ್ಲಬೇಕಾದಾಗ ಬರುತ್ತದೆ. ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರದ ನಂತರವೂ 8204 ಸೇರಿಸುತ್ತವೆ. ‘ಬಸ್’ ಎಂದು ಟೈಪ್ ಮಾಡಿ ಖಾಲಿ ಜಾಗ ಸೇರಿಸಿ ಹುಡುಕಿದರೆ ಸಿಗದಿರಲು ಅದೇ ಕಾರಣ.

ವಿಂಡೋಸ್‌ನ ವರ್ಡ್‌ನಲ್ಲಿ, ವೈಲ್ಡ್‌ಕಾರ್ಡ್ ಆಯ್ಕೆ ಇಲ್ಲದಿರುವಾಗ, ಹುಡುಕುವ ಜಾಗದಲ್ಲಿ ^ ಚಿಹ್ನೆ, ಅದರ ಬೆನ್ನಿಗೆ ಇಂಗ್ಲಿಷಿನ ಚಿಕ್ಕ ‘ಯು’ ಅಕ್ಷರ, ಅದರ ಬೆನ್ನಿಗೆ 8204 ಎಂದು ಬರೆದರೆ ಈ ಕಾಣದ ಸಂಕೇತವನ್ನು ಹುಡುಕಬಹುದು. ಈ ಬರವಣಿಗೆ ಹುಡುಕುವ ಜಾಗದಲ್ಲಿ ಮಾತ್ರ ನಡೆಯುತ್ತದೆ, ಬದಲಿ ಜಾಗದಲ್ಲಿ ಅಲ್ಲ. ಆದರೆ ಕಾಣದ ಸಂಕೇತಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕಬೇಡಿ. ಹಾಗೆ ಮಾಡಿದರೆ ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಬರುತ್ತದೆ. ಒಂದು ಪದಕ್ಕೆ ಎರಡು ರೂಪಗಳಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ, ನೀವು ಒಪ್ಪಿದ ಒಂದು ರೂಪಕ್ಕೆ ತರಬೇಕು.

ಪ್ರಶ್ನೆ: ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು, ವಿಸರ್ಗದ ಜಾಗದಲ್ಲಿ ಕೋಲನ್ ಚಿಹ್ನೆಯನ್ನು ಟೈಪ್ ಮಾಡಿದ್ದಾರೆ. ಒಟ್ಟಿಗೆ ಸರಿಪಡಿಸಬಹುದೇ?

ಅನುಸ್ವಾರದ ಮಟ್ಟಿಗೆ ಸಾಧ್ಯ. ‘ಬ೦ಗಾರ’ ಎಂಬಲ್ಲಿ ಇರುವುದು ಕನ್ನಡ ಅಂಕಿಯಾದ ಸೊನ್ನೆ (3302). ‘ಬಂಗಾರ’ ಎಂಬಲ್ಲಿ ಇರುವುದು ಅನುಸ್ವಾರ (3202). ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡಿದರೆ ‘೨೦೧೪’ ಎಂಬ ಇಸವಿಯೂ ‘೨ಂ೧೪’ ಆಗಿಬಿಡುತ್ತದೆ. ಆದ್ದರಿಂದ ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ಹಿಡಿಯಬೇಕು. ಲಿಬ್ರೆ ಆಫೀಸಿನಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಷನ್ಸ್’ (ಮಾದರಿ ಕೊಟ್ಟು ಹುಡುಕುವ) ಆಯ್ಕೆಯನ್ನು ಗುರುತಿಸಿ, ([ಅ-್])೦ ಎಂದು ಹುಡುಕಿ $1ಂ ಎಂದು ಬದಲಿಸಿದರೆ ಕೆಲಸ ಮುಗಿಯುತ್ತದೆ. ಚೌಕ ಆವರಣದ ಆ ವ್ಯಾಪ್ತಿಯು ‘ಅ’ದಿಂದ ಹಲಂತ ಚಿಹ್ನೆಯವರೆಗಿನ ಎಲ್ಲ ಅಕ್ಷರ ಮತ್ತು ಗುಣಿತಗಳನ್ನು ಒಳಗೊಳ್ಳುತ್ತದೆ, ಅಂಕಿಗಳನ್ನು ಹೊರಗಿಡುತ್ತದೆ. [ಅ-ಹ] ಎಂದಷ್ಟೇ ಬರೆದರೆ ಗುಣಿತಗಳು ಬಿಟ್ಟುಹೋಗುವುದರಿಂದ ‘ಬ೦ಗಾರ’ ಸರಿಯಾಗುತ್ತದೆ, ‘ಸಿ೦ಗಾರ’ ಹಾಗೆಯೇ ಉಳಿಯುತ್ತದೆ. ಇಂಗ್ಲಿಷ್ ಸೊನ್ನೆಯನ್ನು ಬಳಸಿದ್ದರೆ ಅದಕ್ಕೆ ಇನ್ನೊಂದು ಸುತ್ತು.

ವಿಸರ್ಗಕ್ಕೆ ಇಂಥ ಒಂದೇ ಸೂತ್ರವಿಲ್ಲ. ‘ವಿಷಯ:’, ‘ದಿನಾಂಕ:’ ಎಂದು ನ್ಯಾಯವಾಗಿ ಕೋಲನ್ ಬರುವ ಜಾಗಗಳು ಅನೇಕ. ‘ದು:ಖ’, ‘ಅಂತ:ಕರಣ’, ‘ಪುನ:’, ‘ಸ್ವತ:’, ‘ಬಹುಶ:’ ಹೀಗೆ ಒಂದೊಂದೇ ಪದ ಹಿಡಿದು ಬದಲಿಸುವುದೇ ದಾರಿ. ಪದಗಳ ಸಂಖ್ಯೆ ಕಡಿಮೆಯಾದ್ದರಿಂದ ಇದು ಕಾಲು ಗಂಟೆಯ ಕೆಲಸ.

ಪ್ರಶ್ನೆ: ಒಂದು ಹೆಸರನ್ನು ಬದಲಿಸಿದರೆ ಬೇರೆ ಪದಗಳೂ ಕೆಟ್ಟವು. ‘ಹೋಲ್ ವರ್ಡ್ಸ್ ಓನ್ಲಿ’ ಎಂದು ಗುರುತಿಸಿದರೆ ಏನೂ ಬದಲಾಗುವುದಿಲ್ಲ. ನಡುದಾರಿ ಇದೆಯೇ?

ಇದಕ್ಕೆ ಸ್ವಂತ ಅನುಭವವನ್ನೇ ಹೇಳುತ್ತೇನೆ. ಸ್ಮರಣ ಸಂಚಿಕೆಯೊಂದರ ಕಥೆಯಲ್ಲಿ ಪಾತ್ರದ ಹೆಸರನ್ನು ‘ರಾಮ’ನಿಂದ ‘ಸೋಮ’ನಿಗೆ ಬದಲಿಸಬೇಕಿತ್ತು. ರಾತ್ರಿ ಹತ್ತಕ್ಕೆ ‘ರಿಪ್ಲೇಸ್ ಆಲ್’ ಒತ್ತಿ ಮಲಗಿದೆ. ಬೆಳಿಗ್ಗೆ ನೋಡಿದರೆ ‘ಆರಾಮ’ವು ‘ಆಸೋಮ’ ಆಗಿತ್ತು, ‘ರಾಮನಗರ’ವು ‘ಸೋಮನಗರ’ವಾಗಿತ್ತು, ಇವನ್ನು ನಿರೀಕ್ಷಿಸಬಹುದಿತ್ತು. ನಿರೀಕ್ಷಿಸದೆ ಇದ್ದದ್ದು ‘ಗ್ಸೋಮ ಪಂಚಾಯಿತಿ’. ‘ಗ್ರಾಮ’ದಲ್ಲಿ ‘ರಾಮ’ ಎಲ್ಲಿದೆ ಎಂದು ಕೇಳಬಹುದು. ಕಾಗದದ ಮೇಲೆ ಇಲ್ಲ, ಕಡತದಲ್ಲಿ ಇದೆ. ‘ಗ್ರಾ’ ಎಂಬ ಒತ್ತಕ್ಷರವು ಒಳಗೆ ‘ಗ’, ಹಲಂತ, ‘ರ’, ಇಳಿ ಎಂದು ಸಾಲಾಗಿ ಕೂತಿರುತ್ತದೆ. ಒತ್ತಿನ ರೂಪ ಕೇವಲ ತೋರಿಕೆ. ಹಲಂತದ ಮುಂದಿನಿಂದ ಓದಿದರೆ ಅದು ಅಪ್ಪಟ ‘ರಾಮ’ವೇ.

‘ಹೋಲ್ ವರ್ಡ್ಸ್ ಓನ್ಲಿ’ ಆಯ್ಕೆಯನ್ನು ರೂಪಿಸಿರುವುದು ಪದಗಳು ಬಿಡಿಬಿಡಿಯಾಗಿ ನಿಲ್ಲುವ ಭಾಷೆಗಳಿಗಾಗಿ. ಕನ್ನಡದಲ್ಲಿ ‘ರಾಮ’ ಒಂಟಿಯಾಗಿ ನಿಲ್ಲುವುದಕ್ಕಿಂತ ‘ರಾಮನು, ರಾಮನಿಗೆ, ರಾಮನೊಡನೆ, ರಾಮನೆಂದರೆ’ ಎಂದು ಪ್ರತ್ಯಯ ಹೊತ್ತು ಬರುವುದೇ ಹೆಚ್ಚು. ನಾನು ಈಗ ಪಾಲಿಸುವ ಕ್ರಮ ಹೀಗಿದೆ: ಪದ ಶುರುವಾಗುವುದಕ್ಕೆ ಮುಂಚೆ ಒಂದು ಖಾಲಿ ಜಾಗವನ್ನು ಸೇರಿಸಿ ಹುಡುಕುತ್ತೇನೆ, ಅದೇ ಖಾಲಿ ಜಾಗವನ್ನು ಬದಲಿ ಪದಕ್ಕೂ ಮುಂಚೆ ಇಡುತ್ತೇನೆ. ಇದರಿಂದ ‘ಆರಾಮ’, ‘ಗ್ರಾಮ’, ‘ವಿರಾಮ’ ಮೂರೂ ಪಾರಾಗುತ್ತವೆ, ಪ್ರತ್ಯಯಗಳು ಹಾಗೆಯೇ ಉಳಿಯುತ್ತವೆ. ಪ್ಯಾರಾದ ಮೊದಲಲ್ಲಿ ಮತ್ತು ಉದ್ಧರಣ ಚಿಹ್ನೆಯ ಪಕ್ಕದಲ್ಲಿ ಬಂದವು ಮಾತ್ರ ತಪ್ಪಿಹೋಗುತ್ತವೆ; ಅವನ್ನು ‘ಫೈಂಡ್ ನೆಕ್ಸ್ಟ್’ ಒತ್ತುತ್ತ ಒಂದೊಂದಾಗಿ ನೋಡುತ್ತೇನೆ. ರಾಮನಗರ, ರಾಮಾಯಣಗಳನ್ನು ಕಾಯಲು ಬೇರೆ ಉಪಾಯವಿಲ್ಲ, ಕಣ್ಣೇ ಬೇಕು.

ಪ್ರಶ್ನೆ: ಬದಲಿಯಾದ ಊರಿನ ಹೆಸರಿಗೆ ವಿಭಕ್ತಿ ಪ್ರತ್ಯಯ ಹೊಂದುತ್ತಿಲ್ಲ. ಏನು ಮಾಡಬೇಕು?

2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದಾಗಿನಿಂದ ಹಳೆಯ ನಮೂನೆಗಳನ್ನು ತಿದ್ದುವವರಿಗೆ ಇದು ಪರಿಚಿತ ತಲೆನೋವು. ‘ಬಿಜಾಪುರ’ವನ್ನು ‘ವಿಜಯಪುರ’ ಮಾಡುವುದು ನಿರಾತಂಕ, ಏಕೆಂದರೆ ಎರಡೂ ‘ಪುರ’ದಲ್ಲೇ ಮುಗಿಯುತ್ತವೆ, ‘ಬಿಜಾಪುರದಲ್ಲಿ’ ಎಂಬುದು ‘ವಿಜಯಪುರದಲ್ಲಿ’ ಆಗುತ್ತದೆ. ‘ಗುಲ್ಬರ್ಗಾ’ವನ್ನು ‘ಕಲಬುರಗಿ’ ಮಾಡಿದರೆ ‘ಕಲಬುರಗಿದಲ್ಲಿ’, ‘ಕಲಬುರಗಿಕ್ಕೆ’ ಎಂಬ ರೂಪಗಳು ಹುಟ್ಟುತ್ತವೆ. ಹಳೆಯ ಪದ ಮತ್ತು ಹೊಸ ಪದ ಬೇರೆ ಬೇರೆ ಸ್ವರಗಳಲ್ಲಿ ಮುಗಿಯುವಾಗ, ಉದ್ದದ ರೂಪಗಳನ್ನು ಮೊದಲು ಬದಲಿಸಬೇಕು: ‘ಗುಲ್ಬರ್ಗಾದಲ್ಲಿ’ ಎಂಬುದಕ್ಕೆ ‘ಕಲಬುರಗಿಯಲ್ಲಿ’, ‘ಗುಲ್ಬರ್ಗಾಕ್ಕೆ’ ಎಂಬುದಕ್ಕೆ ‘ಕಲಬುರಗಿಗೆ’, ‘ಗುಲ್ಬರ್ಗಾದ’ ಎಂಬುದಕ್ಕೆ ‘ಕಲಬುರಗಿಯ’, ಕೊನೆಗೆ ಬರಿಯ ‘ಗುಲ್ಬರ್ಗಾ’. ಇಳಿಯಿಲ್ಲದ ‘ಗುಲ್ಬರ್ಗ’ ಮತ್ತು ಒತ್ತಿಲ್ಲದ ‘ಗುಲಬರ್ಗಾ’ ಎಂಬ ಕಾಗುಣಿತಗಳೂ ಹಳೆಯ ಕಡತಗಳಲ್ಲಿ ಇರುತ್ತವೆ. ಹಳೆಯ ಆದೇಶದ ಉದ್ಧರಣೆ, ಪುಸ್ತಕದ ಹೆಸರು ಇಂಥವುಗಳಲ್ಲಿ ಬಂದ ಹಳೆಯ ಹೆಸರನ್ನು ಮುಟ್ಟಬಾರದು.

ಪ್ರಶ್ನೆ: ಪ್ರಶ್ನಾರ್ಥಕ ಚಿಹ್ನೆಯನ್ನು ಹುಡುಕಿ ಬದಲಿಸಿದರೆ ಇಡೀ ಕಡತವೇ ಚುಕ್ಕೆಗಳಾಯಿತು.

ವೈಲ್ಡ್‌ಕಾರ್ಡ್ ಆಯ್ಕೆ ಗುರುತಾಗಿತ್ತು. ಆ ಸ್ಥಿತಿಯಲ್ಲಿ ವರ್ಡ್‌ಗೆ ? ಎಂದರೆ ‘ಯಾವುದಾದರೂ ಒಂದು ಸಂಕೇತ’ ಎಂದರ್ಥ. ಕಂಟ್ರೋಲ್ ಮತ್ತು ಜಡ್ ಒತ್ತಿ ಹಿಂದಕ್ಕೆ ತನ್ನಿ, ಆಯ್ಕೆಯನ್ನು ತೆಗೆಯಿರಿ, ಅಥವಾ \? ಎಂದು ಬರೆಯಿರಿ.

ಪ್ರಶ್ನೆ: ಇಮೇಲ್‌ನಿಂದ ನಕಲು ಮಾಡಿದ ಬರಹದಲ್ಲಿ ಪ್ರತಿ ಸಾಲೂ ತುಂಡಾಗಿದೆ. ಪ್ಯಾರಾಗಳನ್ನು ಉಳಿಸಿಕೊಂಡು ಸಾಲುಗಳನ್ನು ಕೂಡಿಸುವುದು ಹೇಗೆ?

ವರ್ಡ್‌ನಲ್ಲಿ ಪ್ಯಾರಾ ಗುರುತಿಗೆ ^ ಚಿಹ್ನೆಯ ಪಕ್ಕ ಇಂಗ್ಲಿಷಿನ ಚಿಕ್ಕ ‘ಪಿ’ ಬರೆಯಬೇಕು. ಬರಿಯ ಸಾಲು ಮುರಿತಕ್ಕೆ ಚಿಕ್ಕ ‘ಎಲ್’. ಪ್ಯಾರಾಗಳ ನಡುವೆ ಎರಡು ಗುರುತುಗಳಿದ್ದರೆ, ಮೊದಲು ಆ ಜೋಡಿಯನ್ನು ಕಡತದಲ್ಲಿ ಎಲ್ಲಿಯೂ ಇಲ್ಲದ ### ಎಂಬಂಥ ಗುರುತಿಗೆ ಬದಲಿಸಿ. ಬಳಿಕ ಉಳಿದ ಒಂಟಿ ಗುರುತುಗಳನ್ನು ಖಾಲಿ ಜಾಗವಾಗಿಸಿ. ಕೊನೆಗೆ ### ಇದ್ದಲ್ಲಿ ಪ್ಯಾರಾ ಗುರುತನ್ನು ಮರಳಿ ತನ್ನಿ. ವೈಲ್ಡ್‌ಕಾರ್ಡ್ ಬಳಸುವಾಗ ಹುಡುಕುವ ಜಾಗದಲ್ಲಿ ಆ ‘ಪಿ’ ನಡೆಯುವುದಿಲ್ಲ. ^13 ಎಂದು ಬರೆಯಬೇಕು. ಲಿಬ್ರೆ ಆಫೀಸಿನಲ್ಲಿ ಖಾಲಿ ಪ್ಯಾರಾಗಳನ್ನು ತೆಗೆಯಲು ರೆಗ್ಯುಲರ್ ಎಕ್ಸ್‌ಪ್ರೆಷನ್ ಆಯ್ಕೆಯೊಡನೆ ^$ ಎಂದು ಹುಡುಕಿ, ಬದಲಿ ಜಾಗವನ್ನು ಖಾಲಿ ಬಿಟ್ಟರೆ ಸಾಕು.

ವರ್ಡ್ ಕಡತದ ಕಟ್ಟಕಡೆಯ ಪ್ಯಾರಾ ಗುರುತನ್ನು ಹೀಗೆ ತೆಗೆಯಲು ಬರುವುದಿಲ್ಲ. ಎಷ್ಟು ಸಲ ಒತ್ತಿದರೂ ‘ಒಂದು ಬದಲಾವಣೆ ಆಯಿತು’ ಎಂದೇ ಹೇಳುತ್ತಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಪ್ರಶ್ನೆ: ಬದಲಿಸಬೇಕಾದ ಭಾಗ ಒಂದು ಪ್ಯಾರಾದಷ್ಟು ದೊಡ್ಡದು. ಚೌಕದಲ್ಲಿ ಹಿಡಿಸುತ್ತಿಲ್ಲ.

ವರ್ಡ್‌ನ ಆ ಜಾಗದಲ್ಲಿ 255 ಸಂಕೇತಗಳಿಗಷ್ಟೇ ಅವಕಾಶ. ಕನ್ನಡದಲ್ಲಿ ‘ಕ್ಷೇ’ ಎಂಬ ಒಂದು ಅಕ್ಷರವೇ ನಾಲ್ಕು ಸಂಕೇತಗಳಾಗುವುದರಿಂದ ಆ ಮಿತಿ ಬೇಗ ಮುಟ್ಟುತ್ತದೆ. ಹೊಸ ಪ್ಯಾರಾವನ್ನು ನಕಲು ಮಾಡಿಟ್ಟುಕೊಂಡು, ಬದಲಿ ಜಾಗದಲ್ಲಿ ^ ಚಿಹ್ನೆ ಮತ್ತು ಇಂಗ್ಲಿಷಿನ ಚಿಕ್ಕ ‘ಸಿ’ ಬರೆದರೆ, ನಕಲಾದದ್ದು ಪೂರ್ತಿಯಾಗಿ ಬಂದು ಕೂರುತ್ತದೆ.

ಪ್ರಶ್ನೆ: ಎಲ್ಲವನ್ನೂ ಬದಲಿಸಿದ ಮೇಲೂ ಹಳೆಯ ಪದ ಅಲ್ಲಲ್ಲಿ ಉಳಿದಿದೆ.

ಉಳಿದದ್ದು ಎಲ್ಲಿದೆ ಎಂಬುದನ್ನು ನೋಡಿ. ಪಟ್ಟಿಯ ಕ್ರಮಸಂಖ್ಯೆಗಳು ತಂತ್ರಾಂಶವೇ ಹಾಕುವಂಥವು, ಅವು ಪಠ್ಯವಲ್ಲ. ಪರಿವಿಡಿಯನ್ನು ಬದಲಿಸುವ ಬದಲು ‘ಅಪ್‌ಡೇಟ್’ ಮಾಡಬೇಕು, ಇಲ್ಲದಿದ್ದರೆ ನೀವು ತಿದ್ದಿದ್ದು ಮುಂದಿನ ಅಪ್‌ಡೇಟ್‌ನಲ್ಲಿ ಅಳಿದುಹೋಗುತ್ತದೆ. ಸ್ಕ್ಯಾನ್ ಮಾಡಿ ಅಂಟಿಸಿದ ಪುಟ ಚಿತ್ರವಾದ್ದರಿಂದ ಅಲ್ಲಿ ಹುಡುಕಾಟವಿಲ್ಲ. ಪುಟದ ತಲೆಬರಹ, ಅಡಿಬರಹ ಮತ್ತು ಪಠ್ಯ ಪೆಟ್ಟಿಗೆಗಳಲ್ಲಿ ಉಳಿದಿದ್ದರೆ, ವರ್ಡ್‌ನ ಹುಡುಕುವ ಚೌಕದಲ್ಲಿರುವ ‘ಫೈಂಡ್ ಇನ್’ ಗುಂಡಿಯಿಂದ ಅವನ್ನು ಪ್ರತ್ಯೇಕವಾಗಿ ಆರಿಸಬಹುದು. ‘ಟ್ರ್ಯಾಕ್ ಚೇಂಜಸ್’ ಚಾಲೂ ಇದ್ದರೆ ಅಳಿಸಿದ ಪದವೂ ಅಡ್ಡಗೆರೆ ಹೊತ್ತು ಕಡತದಲ್ಲೇ ಇರುತ್ತದೆ, ಮತ್ತೆ ಹುಡುಕಿದಾಗ ಸಿಗುತ್ತಲೇ ಇರುತ್ತದೆ. ಬದಲಾವಣೆಗಳನ್ನು ಒಪ್ಪಿದ ನಂತರವೇ ಅದು ನಿಜವಾಗಿ ಹೋಗುವುದು.

ಪ್ರಶ್ನೆ: ತಪ್ಪಾಗಿ ಎಲ್ಲವನ್ನೂ ಬದಲಿಸಿ, ಕಡತವನ್ನು ಉಳಿಸಿ ಮುಚ್ಚಿಬಿಟ್ಟೆ. ಹಿಂದಕ್ಕೆ ತರಬಹುದೇ?

ಗೂಗಲ್ ಡಾಕ್ಸ್ ಆದರೆ ‘ವರ್ಷನ್ ಹಿಸ್ಟರಿ’ಯಲ್ಲಿ ಹಳೆಯ ರೂಪ ಸಿಗುತ್ತದೆ. ಒನ್‌ಡ್ರೈವ್‌ನಲ್ಲಿರುವ ವರ್ಡ್ ಕಡತಕ್ಕೂ ಅಂಥ ಸೌಲಭ್ಯವಿದೆ. ನಿಮ್ಮ ಗಣಕದಲ್ಲಷ್ಟೇ ಇರುವ ಕಡತವಾದರೆ, ಮೊದಲೇ ಮಾಡಿಟ್ಟ ಪ್ರತಿ ಅಥವಾ ಯಾರಿಗಾದರೂ ಇಮೇಲ್ ಮಾಡಿದ್ದ ಪ್ರತಿಯನ್ನು ಹುಡುಕಬೇಕು. ಅದೂ ಇಲ್ಲದಾಗ ಹೊಸ ಪದವನ್ನು ಹಳೆಯ ಪದಕ್ಕೆ ತಿರುಗಿಸಿ ಬದಲಿಸುವ ಆಲೋಚನೆ ಬರುತ್ತದೆ. ಹೊಸ ಪದವು ಕಡತದಲ್ಲಿ ಮೊದಲು ಎಲ್ಲಿಯೂ ಇರಲಿಲ್ಲ ಎಂಬ ಖಾತರಿ ಇದ್ದರೆ ಮಾತ್ರ ಆ ದಾರಿ ಹಿಡಿಯಬಹುದು. ಮೇಲೆ ಹೇಳಿದ ಸ್ಮರಣ ಸಂಚಿಕೆಯಲ್ಲಿ ನಾನು ಅದನ್ನೂ ಮಾಡಿ ನೋಡಿದೆ. ‘ಗ್ರಾಮ ಪಂಚಾಯಿತಿ’ ಸರಿಯಾಯಿತು, ಆದರೆ ಕಾರ್ಯಕ್ರಮ ಪಟ್ಟಿಯಲ್ಲಿದ್ದ ಸೋಮವಾರಗಳೆಲ್ಲ ‘ರಾಮವಾರ’ಗಳಾದವು.